ಸರ್ಟಿಫಿಕೇಟ್ ಇದೆ, ಡಿಗ್ರಿಗೆ ಸೇರುತ್ತಾ?

ತಿಂಡಿ, ಮಕ್ಕಳ ಡಬ್ಬಿ, ಸ್ಕೂಲ್ ವ್ಯಾನ್ ಎಲ್ಲ ಮುಗಿದು ಮನೆ ತಣ್ಣಗಾಗುವ ಹೊತ್ತಿಗೆ ಗಂಟೆ ಹನ್ನೊಂದು. ಆಮೇಲೆ ಸಿಗುವ ಎರಡು ಗಂಟೆ ಬಿಡುವಿನಲ್ಲಿ ಏನಾದರೂ ಕಲಿಯೋಣ ಅಂತ ಹೊರಟವರು ನಮ್ಮಲ್ಲಿ ಎಷ್ಟೊಂದು ಮಂದಿ! ಕಂಪ್ಯೂಟರ್ ಬೇಸಿಕ್, ಟ್ಯಾಲಿ, ಬ್ಯೂಟಿಷಿಯನ್, ಹೊಲಿಗೆ, ನರ್ಸರಿ ಟೀಚರ್ ಟ್ರೈನಿಂಗ್... ಮೈಸೂರೇ ಆಗಲಿ, ಪಿರಿಯಾಪಟ್ಟಣ, ಹುಣಸೂರೇ ಆಗಲಿ, ಬೀರುವಿನಲ್ಲಿ ಸೀರೆಗಳ ಕೆಳಗೆ ಇಂಥ ಒಂದೆರಡು ಸರ್ಟಿಫಿಕೇಟ್ ಇಟ್ಟುಕೊಂಡ ಗೃಹಿಣಿಯರು ಬೇಕಾದಷ್ಟಿದ್ದಾರೆ.

ಮಕ್ಕಳು ಸ್ವಲ್ಪ ದೊಡ್ಡವರಾದ ಮೇಲೆ ಕೆಲಸದ ಯೋಚನೆ ಬರುತ್ತದೆ. ಪಿಡಿಒ, ಎಫ್‌ಡಿಎ ಹುದ್ದೆಗೆ ಡಿಗ್ರಿ ಬೇಕು. ಬಿ.ಇಡಿ. ಮಾಡಬೇಕೆಂದರೂ ಡಿಗ್ರಿ ಬೇಕು. ಆಗ ಮನಸ್ಸಿಗೆ ಬರುವ ಮೊದಲ ಪ್ರಶ್ನೆಯೇ, ‘ನಾನು ಒಂದು ವರ್ಷ ಡಿಪ್ಲೊಮಾ ಮಾಡಿದ್ದೀನಲ್ಲ, ಅದನ್ನ ಡಿಗ್ರಿಗೆ ಸೇರಿಸಿಕೊಳ್ತಾರಾ?’ ಉತ್ತರ ಸರಳ. ಕೆಲವು ಸೇರುತ್ತವೆ, ಬಹಳಷ್ಟು ಸೇರುವುದಿಲ್ಲ. ಯಾವುದು ಸೇರುತ್ತೆ ಎನ್ನುವುದನ್ನು ಫೀಸ್ ಕಟ್ಟಿದ ಮೇಲೆ ಅಲ್ಲ, ಕಟ್ಟುವ ಮೊದಲೇ ಕೇಳಬೇಕು.

ಕ್ರೆಡಿಟ್ ಅಂದರೆ ಏನು?

ನೀವು ಓದಲು ಕೊಟ್ಟ ಸಮಯದ ಲೆಕ್ಕವೇ ಕ್ರೆಡಿಟ್. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೋದಲ್ಲಿ 30 ಗಂಟೆಯ ಓದು ಒಂದು ಕ್ರೆಡಿಟ್. ನಾಲ್ಕು ಕ್ರೆಡಿಟ್‌ನ ಪತ್ರಿಕೆ ಎಂದರೆ 120 ಗಂಟೆ. ಮೂರು ವರ್ಷದ ಪದವಿಗೆ ಕನಿಷ್ಠ 120 ಕ್ರೆಡಿಟ್ ಎನ್ನುವುದು ಯುಜಿಸಿಯ ಚೌಕಟ್ಟು. ಒಂದು ಕಡೆ ಗಳಿಸಿದ ಕ್ರೆಡಿಟ್ ಅನ್ನು ಇನ್ನೊಂದು ಕಡೆಯ ಪದವಿಗೆ ಜಮಾ ಮಾಡಿಕೊಳ್ಳುವುದೇ ಕ್ರೆಡಿಟ್ ವರ್ಗಾವಣೆ.

ಯಾವುದು ಸೇರುತ್ತೆ, ಯಾವುದು ಸೇರಲ್ಲ?

ಬೀದಿ ತುದಿಯ ಖಾಸಗಿ ತರಬೇತಿ ಕೇಂದ್ರ ಕೊಡುವ ಸರ್ಟಿಫಿಕೇಟ್‌ನಲ್ಲಿ ಸಾಮಾನ್ಯವಾಗಿ ಕ್ರೆಡಿಟ್ ಇರುವುದಿಲ್ಲ. ಕೈಗೆ ಕಸುಬು ಬಂದಿರುತ್ತದೆ, ಅದು ನಿಜ. ಆದರೆ ಬಿ.ಎ., ಬಿ.ಕಾಂ. ಲೆಕ್ಕಕ್ಕೆ ಬರುವುದಿಲ್ಲ. ‘ಗವರ್ನಮೆಂಟ್ ರೆಕಗ್ನೈಸ್ಡ್’ ಎಂದು ಬೋರ್ಡ್‌ನಲ್ಲಿ ಬರೆದಿದ್ದರೂ ಅಷ್ಟೇ.

ಮಾನ್ಯತೆ ಇರುವ ವಿಶ್ವವಿದ್ಯಾಲಯವೇ ಕೊಟ್ಟ ಸರ್ಟಿಫಿಕೇಟ್, ಡಿಪ್ಲೊಮಾ ಆಗಿದ್ದು, ಅಂಕಪಟ್ಟಿಯಲ್ಲಿ ಕ್ರೆಡಿಟ್ ನಮೂದಾಗಿದ್ದರೆ ದಾರಿ ಇದೆ. ಆದರೂ ತಾನಾಗಿ ಸೇರುವುದಿಲ್ಲ. ನೀವು ಸೇರುವ ವಿಶ್ವವಿದ್ಯಾಲಯ ಪಠ್ಯವನ್ನು ಹೋಲಿಸಿ ನೋಡಿ, ಒಪ್ಪಿದರೆ ಮಾತ್ರ. ಪೂರ್ತಿ ಪದವಿಯನ್ನು ಹೊರಗಿನ ಕ್ರೆಡಿಟ್‌ನಿಂದಲೇ ಕಟ್ಟಿಕೊಳ್ಳುತ್ತೇನೆ ಎಂದರೆ ಆಗದು.

ಮನೆಯಲ್ಲೇ ಕೂತು ಕಲಿಯುವವರಿಗೆ 2017ರಲ್ಲಿ ಶುರುವಾದ ಕೇಂದ್ರ ಸರ್ಕಾರದ ‘ಸ್ವಯಂ’ ಕೋರ್ಸ್‌ಗಳಿವೆ. ಪಾಠ ಉಚಿತ, ಪರೀಕ್ಷೆಗೆ ಮಾತ್ರ ಶುಲ್ಕ. ಒಂದು ಸೆಮಿಸ್ಟರ್‌ನ ಶೇ 40ರಷ್ಟು ಕೋರ್ಸ್‌ಗಳನ್ನು ಸ್ವಯಂ ಮೂಲಕ ಓದಲು ವಿಶ್ವವಿದ್ಯಾಲಯಗಳು ಅವಕಾಶ ಕೊಡಬಹುದು ಎಂದು ಯುಜಿಸಿ 2021ರಲ್ಲಿ ಹೇಳಿತು. ‘ಕೊಡಬಹುದು’ ಎಂಬ ಮಾತನ್ನು ಗಮನಿಸಿ! ಪರೀಕ್ಷೆ ಬರೆಯದೆ ಬರೀ ವಿಡಿಯೊ ನೋಡಿದರೆ ಜ್ಞಾನ ಬರುತ್ತದೆ, ಕ್ರೆಡಿಟ್ ಬರುವುದಿಲ್ಲ.

ಕ್ರೆಡಿಟ್‌ಗೂ ಒಂದು ಬ್ಯಾಂಕ್

2021ರಲ್ಲಿ ಯುಜಿಸಿ ‘ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್’ ಆರಂಭಿಸಿತು. ಡಿಜಿಲಾಕರ್ ಮೂಲಕ ಖಾತೆ ತೆರೆದರೆ 12 ಅಂಕಿಯ ಗುರುತಿನ ಸಂಖ್ಯೆ ಸಿಗುತ್ತದೆ. ಆಧಾರ್‌ನಲ್ಲಿ ಮದುವೆಯ ನಂತರದ ಹೆಸರು, ಅಂಕಪಟ್ಟಿಯಲ್ಲಿ ತವರಿನ ಇನಿಷಿಯಲ್ ಇದ್ದರೆ ತೊಂದರೆ ಆಗಬಹುದು. ಅದನ್ನು ಮೊದಲೇ ಸರಿಪಡಿಸಿಕೊಳ್ಳಿ. ಈ ಬ್ಯಾಂಕಿಗೆ ನೀವಾಗಿ ಜಮಾ ಮಾಡಲು ಆಗದು, ನೋಂದಾಯಿತ ಸಂಸ್ಥೆಯೇ ಹಾಕಬೇಕು. 2021-22ನೇ ಸಾಲಿನಿಂದ ಈಚೆಗೆ ಗಳಿಸಿದ ಕ್ರೆಡಿಟ್ ಮಾತ್ರ ಅಲ್ಲಿ ಸೇರುತ್ತದೆ. ಗರಿಷ್ಠ ಬಾಳಿಕೆ ಏಳು ವರ್ಷ.

ಇದರಲ್ಲಿ ಒಂದು ಮುಖ್ಯ ವಿಷಯ ಇದೆ. ಕರ್ನಾಟಕದಲ್ಲಿ 2021ರಿಂದ 2023ರವರೆಗೆ ಪದವಿಗೆ ಸೇರಿದವರು ಎನ್‌ಇಪಿ ಪದ್ಧತಿಯಲ್ಲಿ ಓದಿದರು. 2024ರಲ್ಲಿ ರಾಜ್ಯ ಸರ್ಕಾರ ಹೊಸಬರಿಗೆ ಮತ್ತೆ ಮೂರು ವರ್ಷದ ಪದವಿ ತಂದಿತು. ಎನ್‌ಇಪಿಯಲ್ಲಿ ಒಂದು ವರ್ಷ ಮುಗಿಸಿ, ಮದುವೆಯೋ ಬಾಣಂತನವೋ ಆಗಿ ಬಿಟ್ಟ ತಂಗಿಯೋ ನಾದಿನಿಯೋ ನಿಮ್ಮ ಮನೆಯಲ್ಲೂ ಇರಬಹುದು. 2022ರಲ್ಲಿ ಅವಳು ಗಳಿಸಿದ ಕ್ರೆಡಿಟ್‌ಗೆ 2029ರ ಹೊತ್ತಿಗೆ ಗಡುವು ಮುಗಿಯುತ್ತದೆ. ‘ಮಗು ಸ್ಕೂಲಿಗೆ ಹೋಗಲಿ, ಆಮೇಲೆ ನೋಡೋಣ’ ಎನ್ನುವ ಮುನ್ನ ಈ ಲೆಕ್ಕ ಹಾಕಲು ಹೇಳಿ.

ಅದಕ್ಕಿಂತ ಹಿಂದೆ ಬಿ.ಎ. ಅರ್ಧಕ್ಕೆ ಬಿಟ್ಟವರು ಹಳೆಯ ಅಂಕಪಟ್ಟಿ ಹಿಡಿದು ನೇರವಾಗಿ ವಿಶ್ವವಿದ್ಯಾಲಯವನ್ನೇ ಕೇಳಬೇಕು.

ಪಿಯುಸಿಯೇ ಆಗಿಲ್ಲವೇ?

ಹಾಗಿದ್ದರೆ ಮೊದಲು ಅದು. ಎಷ್ಟೇ ಸರ್ಟಿಫಿಕೇಟ್ ಇದ್ದರೂ ಬಿ.ಎ. ಪ್ರವೇಶಕ್ಕೆ ಪಿಯುಸಿ ಅಥವಾ ಸಮಾನ ಪರೀಕ್ಷೆ ಬೇಕು. ಪಿಯುಸಿಯಲ್ಲಿ ಒಂದೆರಡು ವಿಷಯ ಉಳಿದಿದ್ದರೆ ಅವನ್ನಷ್ಟೇ ಬರೆದರೆ ಸಾಕು. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ ಎನ್‌ಐಒಎಸ್‌ನಲ್ಲಿ, ಬೇರೆ ಬೋರ್ಡ್‌ನಲ್ಲಿ ಪಾಸಾದ ಎರಡು ವಿಷಯಗಳವರೆಗೆ ವರ್ಗಾಯಿಸಿಕೊಳ್ಳುವ ಅವಕಾಶವೂ ಇದೆ. ಎಷ್ಟು ವರ್ಷ ಹಳೆಯ ಅಂಕಪಟ್ಟಿ ನಡೆಯುತ್ತದೆ ಎಂದು ವಿಚಾರಿಸಿಕೊಳ್ಳಿ.

ಫೀಸ್ ಕಟ್ಟುವ ಮುನ್ನ ಕೇಳಿ

* ಸರ್ಟಿಫಿಕೇಟ್ ಮೇಲೆ ಯಾರ ಹೆಸರಿರುತ್ತದೆ? ವಿಶ್ವವಿದ್ಯಾಲಯದ್ದೋ, ಬರೀ ಕೇಂದ್ರದ್ದೋ?

* ನಾನು ಸೇರುವ ವರ್ಷಕ್ಕೆ, ನಾನು ಸೇರುವ ಕೋರ್ಸಿಗೆ ಯುಜಿಸಿ ಮಾನ್ಯತೆ ಇದೆಯೇ? ನಮ್ಮ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೇ ಕೆಲವು ವರ್ಷ ಮಾನ್ಯತೆ ಇಲ್ಲದೆ, 2018ರಲ್ಲಿ ಮತ್ತೆ ಸಿಕ್ಕಿತು. ಮಧ್ಯದ ವರ್ಷಗಳಲ್ಲಿ ಓದಿದವರು ಪಟ್ಟ ಪಾಡು ಎಲ್ಲರಿಗೂ ಗೊತ್ತು.

* ಅಂಕಪಟ್ಟಿಯಲ್ಲಿ ಕ್ರೆಡಿಟ್ ನಮೂದಾಗುತ್ತದೆಯೇ? ಕ್ರೆಡಿಟ್ ಬ್ಯಾಂಕಿಗೆ ಹಾಕುತ್ತಾರೆಯೇ?

* ಎಷ್ಟು ಕ್ರೆಡಿಟ್ ಒಪ್ಪುತ್ತೀರಿ, ಯಾವ ಪತ್ರಿಕೆಗೆ ವಿನಾಯಿತಿ? ಇದನ್ನು ಪದವಿ ಕೊಡುವವರಿಂದಲೇ ಬರವಣಿಗೆಯಲ್ಲಿ ಪಡೆಯಿರಿ. ‘ಆಗುತ್ತೆ ಮೇಡಂ, ಚಿಂತೆ ಮಾಡ್ಬೇಡಿ’ ಎನ್ನುವ ಬಾಯಿಮಾತು ಸಾಲದು.

* ವಿನಾಯಿತಿ ಸಿಕ್ಕರೆ ಅವಧಿಯೂ ಕಡಿಮೆಯಾಗುತ್ತದೆಯೋ, ಬರೀ ಪರೀಕ್ಷೆಯೋ?

ಕೇಳುವುದಕ್ಕೆ ಸಂಕೋಚ ಬೇಡ. ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯವರಿಗೆ ಮುಕ್ತ ವಿಶ್ವವಿದ್ಯಾಲಯದ ಮುಕ್ತಗಂಗೋತ್ರಿ ಒಂದು ದಿನದಲ್ಲಿ ಹೋಗಿಬರುವ ದಾರಿ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡೂ ಇಲ್ಲ. ಎಲ್ಲ ಅಂಕಪಟ್ಟಿಗಳ ಎರಡೆರಡು ಜೆರಾಕ್ಸ್, ಕೋರ್ಸಿನ ಸಿಲಬಸ್, ಆಧಾರ್ ಜೊತೆಗಿರಲಿ. ಸಿಲಬಸ್ ಇಲ್ಲದಿದ್ದರೆ ಹೋಲಿಸಿ ನೋಡಲು ಅವರಿಗೂ ಆಗದು.

ಒಂದು ಕ್ರೆಡಿಟ್ಟೂ ಸೇರದು ಎಂದು ಹೇಳಿದರೆ? ಬೇಜಾರಾಗುತ್ತದೆ, ಸಹಜ. ಆದರೆ ಮೊದಲಿನಿಂದ ಶುರು ಮಾಡಿದರೂ ಮೂರೇ ವರ್ಷ. ಆ ಮೂರು ವರ್ಷ ನೀವು ಓದಿದರೂ ಕಳೆಯುತ್ತದೆ, ಓದದಿದ್ದರೂ ಕಳೆಯುತ್ತದೆ, ಅಲ್ಲವೇ?