ತೀರಿದ ಸಾಲದ ತಗಾದೆ

ನಮ್ಮ ಭಾಷೆಯಲ್ಲಿ ಸಾಲಕ್ಕೆ ಸಂಬಂಧಪಟ್ಟ ಮಾತುಗಳನ್ನು ಒಂದೆಡೆ ಕೂಡಿಸಿ ನೋಡಿದರೆ ಅದೇ ಒಂದು ಸಣ್ಣ ಚರಿತ್ರೆಯಾದೀತು. ಋಣ ಎಂಬುದು ಸಂಸ್ಕೃತದಿಂದ ಬಂದುದು; ಬಡ್ಡಿಯು ವೃದ್ಧಿ ಶಬ್ದದ ತದ್ಭವ. ಅಸಲು, ಬಾಕಿ, ವಸೂಲಿ, ತಗಾದೆ, ಜಾಮೀನು, ರಸೀದಿ ಇವು ಅರಬ್ಬೀ ಪಾರಸಿಗಳಿಂದ ಹೊರಟು ದಫ್ತರದ ದಾರಿಯಾಗಿ ನಮ್ಮ ಹಳ್ಳಿಗಳನ್ನು ಹೊಕ್ಕವು. ನೋಟೀಸು, ವಾರಂಟುಗಳು ಇಂಗ್ಲಿಷರ ಕೊಡುಗೆ. ಸಾಲವನ್ನು ಕೇಳಿ ಪಡೆಯುವವನ ಬತ್ತಳಿಕೆಯಲ್ಲಿ ಹೀಗೆ ಬೇಕಾದಷ್ಟು ಮಾತುಗಳಿವೆ. ಸಾಲವನ್ನು ತೀರಿಸಿ ನಿಂತವನಿಗಾದರೋ ಚುಕ್ತಾ, ಬೇಬಾಕಿ ಎಂದು ಒಂದೆರಡು ಮಾತುಗಳಷ್ಟೇ ಗತಿ. ಲೋಕವ್ಯವಹಾರವೂ ಈ ಶಬ್ದಸಂಪತ್ತಿನ ಹಾಗೆಯೇ ಇದೆ. ಸಾಲವಿದೆ ಎಂದು ಹೇಳುವುದು ಸುಲಭ. ಸಾಲವಿಲ್ಲ ಎಂದು ತೋರಿಸುವುದು ಬಲು ಕಷ್ಟ.

ಈ ಕಷ್ಟವನ್ನು ನಮ್ಮ ಹಿಂದಿನವರು ಅರಿಯದೆ ಇರಲಿಲ್ಲ. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಋಣಾದಾನವೆಂಬ ಪ್ರಕರಣವೊಂದಿದೆ. ಅದಕ್ಕೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕನ್ನಡ ನಾಡಿನ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ (1076–1126) ಬಾಳಿದವನು. ಸಾಲಗಾರನು ಆಗಾಗ ಸಲ್ಲಿಸಿದ ಹಣವನ್ನು ಸಾಲಪತ್ರದ ಬೆನ್ನಿನ ಮೇಲೆಯೇ ಬರೆಯತಕ್ಕದ್ದು, ಇಲ್ಲವೆ ಧನಿಕನು ತನ್ನ ಕೈಗುರುತು ಹಾಕಿ ರಸೀದಿ ಕೊಡತಕ್ಕದ್ದು. ಸಾಲ ಪೂರ್ತಿ ತೀರಿದ ಮೇಲೆ ಪತ್ರವನ್ನು ಹರಿದುಹಾಕತಕ್ಕದ್ದು, ಅದಾಗದಿದ್ದರೆ ಶುದ್ಧಿಗಾಗಿ ಬೇರೊಂದು ಪತ್ರವನ್ನು ಮಾಡಿಸತಕ್ಕದ್ದು ಎಂಬುದು ಆ ಸ್ಮೃತಿಯ ವಿಧಿ. ಶುದ್ಧಿ ಎಂಬ ಮಾತನ್ನು ವಾಚಕರು ಗಮನಿಸಬೇಕು. ಸಾಲ ತೀರಿದುದು ಲೆಕ್ಕದ ಮಾತು ಮಾತ್ರವಲ್ಲ, ಮನುಷ್ಯನೊಬ್ಬನ ಹೆಸರು ಶುಚಿಯಾಗುವ ಮಾತು ಎಂದು ಸ್ಮೃತಿಕಾರನು ತಿಳಿದಿದ್ದನು.

ಈ ಪ್ರಕರಣವನ್ನು ನಾನು ಮತ್ತೆ ತೆರೆದು ಓದಬೇಕಾಗಿ ಬಂದುದು ಪಾಠ ಹೇಳುವುದಕ್ಕಾಗಿ ಅಲ್ಲ. ನಾನಿರುವ ದೊಡ್ಡಬಳ್ಳಾಪುರವು ಮಗ್ಗಗಳ ಊರು. ನಮ್ಮ ಬೀದಿಯಲ್ಲಿ ಬೆಳಗಾದರೆ ವಿದ್ಯುತ್ ಮಗ್ಗಗಳ ಸದ್ದು. ಆ ಸದ್ದು ನಿಂತ ದಿನ ಏನೋ ಅನಾಹುತವಾಗಿದೆ ಎಂದೇ ತಿಳಿಯಬೇಕು. ನಾಲ್ಕು ಮನೆ ಆಚೆ, ಬಾಡಿಗೆಯ ಒಂದು ಮಗ್ಗದ ಮೇಲೆ ಸಂಸಾರ ಸಾಗಿಸುವ ವಿಧವೆಯೊಬ್ಬರಿದ್ದಾರೆ. ಅವರ ಮಗಳು ನಮ್ಮ ಕಾಲೇಜಿನಲ್ಲಿ ಬಿ.ಎ. ಓದಿದವಳು, ಹಳಗನ್ನಡದ ಪದ್ಯವನ್ನು ತಡವರಿಸದೆ ಓದಿ ಅನ್ವಯಿಸಬಲ್ಲ ಕೆಲವೇ ವಿದ್ಯಾರ್ಥಿಗಳಲ್ಲಿ ಒಬ್ಬಳು. ಬಿ.ಎಡ್. ಮಾಡಿ ಕನ್ನಡ ಅಧ್ಯಾಪಕಿಯಾಗಬೇಕೆಂಬುದು ಅವಳ ಹಂಬಲ. ಶುಲ್ಕಕ್ಕಾಗಿ ವಿದ್ಯಾಭ್ಯಾಸದ ಸಾಲ ಕೇಳಲು ತಾಯಿಯೊಡನೆ ಬ್ಯಾಂಕಿಗೆ ಹೋದಳು. ಜೊತೆಗೆ ಸಹಿ ಹಾಕಬೇಕಾದ ತಾಯಿಯ ಹೆಸರಿನಲ್ಲಿ ಹಳೆಯ ಸಾಲವೊಂದು ಬಾಕಿ ಇದೆಯೆಂದು ಯಂತ್ರ ತೋರಿಸಿತು. ಅರ್ಜಿ ಅಲ್ಲಿಗೇ ನಿಂತಿತು. ಅದೇ ವಾರ, 2025ರ ಜೂನ್ ತಿಂಗಳಲ್ಲಿ, ವಸೂಲಿ ಏಜೆನ್ಸಿಯವರ ದೂರವಾಣಿ ಕರೆಗಳು ಆರಂಭವಾದವು. ಅವರು ಕೇಳಿದ ಮೊತ್ತ 21,460 ರೂಪಾಯಿ.

ಸಾಲದ ವೃತ್ತಾಂತವಿಷ್ಟು. 2019ರ ಜೂನ್‌ನಲ್ಲಿ ಬೀದಿಯ ಹೆಂಗಸರು ಗುಂಪು ಕಟ್ಟಿಕೊಂಡು ಒಂದು ಕಿರುಸಾಲ ಸಂಸ್ಥೆಯಿಂದ ತಲೆಗೆ 30,000 ರೂಪಾಯಿ ಪಡೆದರು. ನಮ್ಮ ಕಡೆ ಇದನ್ನು ಸಂಘದ ಸಾಲವೆನ್ನುತ್ತಾರೆ. ವಾರಕ್ಕೆ 670 ರೂಪಾಯಿಯಂತೆ 50 ಕಂತು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು ಮಗ್ಗಗಳು ನಿಂತವು. ಆಗ ರಿಸರ್ವ್ ಬ್ಯಾಂಕು ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಕಂತುಗಳನ್ನು ಮುಂದಕ್ಕೆ ಹಾಕಲು ಅವಕಾಶ ಕೊಟ್ಟಿತು. ಕಂತು ನಿಂತರೂ ಬಡ್ಡಿ ನಿಲ್ಲಲಿಲ್ಲ. ಆ ಬಡ್ಡಿಯ ಲೆಕ್ಕಕ್ಕೆಂದು ಸಂಸ್ಥೆಯವರು ಎರಡು ಕಂತು ಹೆಚ್ಚಿಗೆ ಕೇಳಿದರು. ಈ ತಾಯಿ ಅದನ್ನೂ ಕಟ್ಟಿದರು. 2020ರ ಡಿಸೆಂಬರ್‌ಗೆ ಒಟ್ಟು 52 ಕಂತು, 34,840 ರೂಪಾಯಿ ಸಂದಿತ್ತು. ಆದರೆ ಸಂಸ್ಥೆಯ ಲೆಕ್ಕದಲ್ಲಿ ಕಾಣಿಸುತ್ತಿದ್ದುದು 46 ಮಾತ್ರ. ಕೊನೆಯ ಆರು ಕಂತು, ಎಂದರೆ 4,020 ರೂಪಾಯಿ, ಹಣ ಪಡೆದ ನೌಕರನ ಕೈಯಿಂದ ಕಚೇರಿಗೆ ಹೋಗುವ ದಾರಿಯಲ್ಲಿ ಎಲ್ಲಿಯೋ ಮಾಯವಾಗಿತ್ತು. ಆ ನೌಕರ ಕೆಲಸ ಬಿಟ್ಟುಹೋಗಿ ವರ್ಷಗಳಾಗಿದ್ದವು. ಮಾಯವಾದ 4,020 ರೂಪಾಯಿ ನಾಲ್ಕೂವರೆ ವರ್ಷಗಳಲ್ಲಿ ಬಡ್ಡಿ, ದಂಡ, ವಸೂಲಿ ವೆಚ್ಚವೆಂದು ಬೆಳೆದು ಐದು ಪಟ್ಟು ದಾಟಿತ್ತು. ಬಡ್ಡಿಯು ಅಸಲನ್ನು ಮೀರಕೂಡದೆಂಬ ದಾಮದುಪ್ಪಟ್ಟಿನ ನಿಯಮವನ್ನು ನಮ್ಮ ಧರ್ಮಶಾಸ್ತ್ರಗಳು ಸಾರಿದ್ದವು. ಮುಂಬಯಿ ಪ್ರಾಂತದ ನ್ಯಾಯಾಲಯಗಳು ಬ್ರಿಟಿಷರ ಕಾಲದಲ್ಲಿಯೂ ಹಿಂದೂ ಸಾಲಗಾರರಿಗೆ ಅದನ್ನು ಅನ್ವಯಿಸುತ್ತಿದ್ದವು. ಗಣಕಯಂತ್ರಕ್ಕೆ ಅಂಥ ಸಂಕೋಚವಿಲ್ಲ.

ಆ ತಾಯಿ ನಮ್ಮ ಮನೆಗೆ ಬಂದಾಗ ಕೈಯಲ್ಲಿ ಹಳದಿಗಟ್ಟಿದ ಸಾಲದ ಕಾರ್ಡು ಇತ್ತು. ದೇವರ ಪಟದ ಹಿಂದೆ ಇಟ್ಟಿದ್ದರಂತೆ. 52 ಮನೆಗಳು, 52 ಸಹಿ. ಮಡಿಕೆ ಬಿದ್ದಲ್ಲಿ ಸವೆದಿದ್ದರೂ ಒಂದು ಸಹಿಯೂ ಅಳಿಸಿರಲಿಲ್ಲ.

ನಾನು ಕಾನೂನು ಓದಿದವನಲ್ಲ. ಆದರೆ ಒಂದು ಕೃತಿಯ ಪಾಠ ಯಾವುದು ಶುದ್ಧ, ಯಾವುದು ಪ್ರಕ್ಷಿಪ್ತ ಎಂದು ಪ್ರತಿಗಳನ್ನು ಹೋಲಿಸಿ ನೋಡುವ ಅಭ್ಯಾಸವಿದೆ. ಇಲ್ಲಿಯೂ ಎರಡು ಪ್ರತಿಗಳಿದ್ದವು: ಸಂಸ್ಥೆಯ ಲೆಕ್ಕ, ತಾಯಿಯ ಕಾರ್ಡು. ಮಿಕ್ಕುದನ್ನು ಪರಿಚಯದ ವಕೀಲರೊಬ್ಬರು ತಿಳಿಸಿಕೊಟ್ಟರು.

ಅವರು ಮೊದಲು ಹೇಳಿದುದು ಅವಧಿ ಕಾಯ್ದೆಯ ಮಾತು. 1963ರ ಆ ಕಾಯ್ದೆಯ ಪ್ರಕಾರ ಇಂಥ ಸಾಲಕ್ಕೆ ಮೂರು ವರ್ಷದೊಳಗೆ ದಾವೆ ಹೂಡಬೇಕು. ಕೋವಿಡ್ ನಿಮಿತ್ತ 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಕಾಲವನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ಸರ್ವೋಚ್ಚ ನ್ಯಾಯಾಲಯ ಹೇಳಿತ್ತು. ಅದನ್ನು ಕಳೆದರೂ 2025ರ ಫೆಬ್ರವರಿಗೆ ಅವಧಿ ಮುಗಿದಂತಾಗಿತ್ತು. ಏಜೆನ್ಸಿಯ ಹುಡುಗ ಬಂದು, “ಅಮ್ಮಾ, ಈಗ ಐನೂರು ಕಟ್ಟಿ, ಉಳಿದದ್ದು ನಿಧಾನವಾಗಿ ಕೊಡ್ತೀನಿ ಅಂತ ಇಲ್ಲೊಂದು ಸಹಿ ಹಾಕಿ ಸಾಕು” ಎಂದು ಏಕೆ ಅಷ್ಟು ಮೃದುವಾಗಿ ಕೇಳಿದನೆಂಬುದು ಆಗ ಅರ್ಥವಾಯಿತು. ಅವಧಿಯೊಳಗೆ ಸಾಲವನ್ನು ಬರಹದಲ್ಲಿ ಒಪ್ಪಿಕೊಂಡರೆ ಮೂರು ವರ್ಷ ಹೊಸದಾಗಿ ಆರಂಭವಾಗುತ್ತದೆ. ಅವಧಿ ಮೀರಿದ ಸಾಲವನ್ನೂ ತೀರಿಸುತ್ತೇನೆಂದು ಬರೆದು ಸಹಿ ಹಾಕಿದರೆ 1872ರ ಕರಾರು ಕಾಯ್ದೆ ಅದನ್ನು ಊರ್ಜಿತವೆನ್ನುತ್ತದೆ. ಬೆದರಿಕೆಗಿಂತ ಈ ಮೃದುವಾದ ಮಾತೇ ಹೆಚ್ಚು ಅಪಾಯದ್ದು.

ವಕೀಲರ ಮಾತನ್ನು ತಿಳಿಸಿ, ದಾವೆಯ ಕಾಲ ಮುಗಿದಿದೆ, ಇನ್ನು ಹೆದರಬೇಕಾಗಿಲ್ಲ ಎಂದೆ. ಆ ತಾಯಿಯ ಮುಖದಲ್ಲಿ ಸಮಾಧಾನ ಕಾಣಲಿಲ್ಲ. “ಕಾಲ ಮುಗೀತು, ಕಟ್ಟಬೇಕಾಗಿಲ್ಲ ಅಂತ ಬರೀಬೇಡಿ ಮೇಷ್ಟ್ರೇ. ನಾನು ಕಟ್ಟಿದೀನಿ ಅಂತ ಬರೀರಿ” ಎಂದರು. ಮೂರು ತಲೆಮಾರಿನ ಭಾಷ್ಯ ಬರೆದರೂ ಇದಕ್ಕಿಂತ ಸ್ಪಷ್ಟವಾಗಿ ವಿಷಯವನ್ನು ಹೇಳಲಾಗದು. ಅವಧಿಯ ವಾದ ಗೆದ್ದರೆ ದಾವೆ ನಿಲ್ಲುತ್ತದೆ, ಆದರೆ ಬಾಕಿದಾರಳೆಂಬ ಹೆಸರು ಹಾಗೆಯೇ ಉಳಿಯುತ್ತದೆ. ಮಗಳ ಅರ್ಜಿಗೆ ಅಡ್ಡ ಬಂದಿದ್ದುದು ದಾವೆಯಲ್ಲ, ಆ ಹೆಸರು.

ಆದುದರಿಂದ ಸಂಸ್ಥೆಗೆ ಕನ್ನಡದಲ್ಲಿಯೇ ಒಂದು ಪತ್ರ ಬರೆದು, ಕಾರ್ಡಿನ ಎಲ್ಲ ಪುಟಗಳ ಪ್ರತಿಯೊಡನೆ ನೋಂದಾಯಿತ ಅಂಚೆಯಲ್ಲಿ ಕಳುಹಿಸಿದೆವು. ಈ ಸಾಲವನ್ನು ನಾನು ಪೂರ್ತಿ ತೀರಿಸಿದ್ದೇನೆ, ಬಾಕಿಯನ್ನು ಒಪ್ಪುವುದಿಲ್ಲ ಎಂಬುದು ಮೊದಲನೆಯ ವಾಕ್ಯ. ಸಾಲದ ಕರಾರಿನ ಪ್ರತಿ, ಆರಂಭದಿಂದ ಕೊನೆಯವರೆಗಿನ ಲೆಕ್ಕದ ಪಟ್ಟಿ, ವಸೂಲಿ ಮಾಡಲು ಈ ಏಜೆನ್ಸಿಗೆ ಕೊಟ್ಟ ಅಧಿಕಾರಪತ್ರ—ಈ ಮೂರನ್ನು ಕೇಳಿದೆವು. ವಾದಿಯ ಮಾತನ್ನು ಪ್ರತಿವಾದಿ ಅಲ್ಲಗಳೆದಾಗ ರುಜುವಾತಿನ ಹೊರೆ ವಾದಿಯದೆಂಬುದು ವಿಜ್ಞಾನೇಶ್ವರನಿಗೂ ಸಮ್ಮತ, ಇಂದಿನ ಸಾಕ್ಷ್ಯ ಕಾನೂನಿಗೂ ಸಮ್ಮತ. ಲಿಖಿತ, ಭುಕ್ತಿ, ಸಾಕ್ಷಿ ಎಂಬ ಮೂರು ಪ್ರಮಾಣಗಳಲ್ಲಿ ಲಿಖಿತವಂತೂ ನಮ್ಮ ಕೈಯಲ್ಲಿಯೇ ಇತ್ತು. ಏಜೆನ್ಸಿ ಯಾರದಾದರೂ ಆಗಲಿ, ಅದರ ನಡತೆಗೆ ಸಾಲ ಕೊಟ್ಟ ಸಂಸ್ಥೆಯೇ ಹೊಣೆಯೆಂಬ ರಿಸರ್ವ್ ಬ್ಯಾಂಕಿನ ನಿಯಮವನ್ನೂ ಕಾಣಿಸಿದೆವು.

ಆ ನಿಯಮಗಳನ್ನು ಓದುವಾಗ ನನಗೊಂದು ಸೋಜಿಗವಾಯಿತು. 2022ರ ಮಾರ್ಚ್ 14ರಂದು ರಿಸರ್ವ್ ಬ್ಯಾಂಕು ಕಿರುಸಾಲದ ಬಗ್ಗೆ ನಿರ್ದೇಶನಗಳನ್ನು ಹೊರಡಿಸಿತು. ವರ್ಷಕ್ಕೆ 3 ಲಕ್ಷ ರೂಪಾಯಿಯವರೆಗೆ ವರಮಾನವಿರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಸಾಲವೇ ಕಿರುಸಾಲ, ಎಲ್ಲ ಸಾಲಗಳ ಕಂತೂ ಸೇರಿ ಕುಟುಂಬದ ತಿಂಗಳ ವರಮಾನದ ಅರ್ಧವನ್ನು ಮೀರಬಾರದು, ಬೆಳಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ಕರೆ ಮಾಡಬಾರದು, ಬಂಧುಗಳನ್ನು ಪೀಡಿಸಬಾರದು. ಇವುಗಳ ನಡುವೆ ಇನ್ನೊಂದು ಮಾತಿದೆ: ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಸಾಲದ ಕಾರ್ಡು ಕೊಡಬೇಕು, ಸಂದ ಪ್ರತಿಯೊಂದು ಕಂತಿಗೂ ಕೊನೆಯ ತೀರುವಳಿಗೂ ಅದರಲ್ಲಿಯೇ ಒಪ್ಪಿಗೆ ಹಾಕಬೇಕು. ಪತ್ರದ ಬೆನ್ನಿನ ಮೇಲೆ ಬರೆಯತಕ್ಕದ್ದೆಂಬ ಸ್ಮೃತಿಯ ವಿಧಿ ಎಷ್ಟೋ ಶತಮಾನಗಳ ಮೇಲೆ ಮುಂಬಯಿಯ ಕಚೇರಿಯಿಂದ ಮತ್ತೆ ಹೊರಬಂದಿತ್ತು. ಆ ತಾಯಿಯ ಕಾರ್ಡಿನ ತಲೆಬರಹಗಳಾದರೋ ಇಂಗ್ಲಿಷಿನಲ್ಲಿದ್ದವು. ಅವರು ಅದನ್ನು ಸಹಿಗಳ ಎಣಿಕೆಯಿಂದ ಮಾತ್ರ ಓದಿದ್ದರು.

ಇಪ್ಪತ್ತನಾಲ್ಕನೆಯ ದಿನ ಉತ್ತರ ಬಂತು. ತಮ್ಮ ಕಷ್ಟವನ್ನು ಪರಿಗಣಿಸಿ ಬಾಕಿಯನ್ನು ಸದ್ಭಾವನೆಯಿಂದ ಮನ್ನಾ ಮಾಡಲಾಗಿದೆ ಎಂದು ಅದರಲ್ಲಿತ್ತು. ಬೀದಿಯವರೆಲ್ಲ ಗೆದ್ದೆವೆಂದರು. ಆದರೆ ಮನ್ನಾ ಎಂದರೆ ಸಾಲವಿತ್ತು, ಕಟ್ಟಲಿಲ್ಲ, ನಾವು ಬಿಟ್ಟುಕೊಟ್ಟೆವು ಎಂದು ಅರ್ಥ. ಸಾಲಮಾಹಿತಿ ಕಂಪನಿಗಳ ದಾಖಲೆಯಲ್ಲಿ ಅದು ಕಳಂಕವಾಗಿಯೇ ಉಳಿಯುತ್ತದೆ. ನಮಗೆ ಬೇಕಾಗಿದ್ದ ಶಬ್ದ ಮನ್ನಾ ಅಲ್ಲ, ಚುಕ್ತಾ. ಒಂದು ಶಬ್ದಕ್ಕಾಗಿ ಇಷ್ಟೊಂದು ಹಟವೇ ಎಂದು ಕೇಳಿದವರೂ ಉಂಟು. ಭಾಷೆಯನ್ನು ಕಲಿಸಿ ಅನ್ನ ತಿನ್ನುವವನು ಶಬ್ದಕ್ಕಾಗಿ ಹಟ ಮಾಡದೆ ಇನ್ನಾವುದಕ್ಕೆ ಮಾಡಬೇಕು?

ಎರಡನೆಯ ಪತ್ರ ಹೋಯಿತು. ದಾಖಲೆಯನ್ನು ತಿದ್ದಬೇಕೆಂದು ಸಾಲಮಾಹಿತಿ ಕಂಪನಿಗೂ ಬರೆದೆವು. ಇಂಥ ದೂರನ್ನು 30 ದಿನಗಳಲ್ಲಿ ಇತ್ಯರ್ಥ ಮಾಡದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕು 2023ರ ಅಕ್ಟೋಬರ್‌ನಲ್ಲಿ ವಿಧಿಸಿತ್ತು. ಸಂಸ್ಥೆ ಸುಮ್ಮನಿದ್ದುದರಿಂದ, ತಿಂಗಳು ಕಳೆದ ಮೇಲೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ನರಿಗೆ ದೂರು ಕೊಟ್ಟೆವು. 2021ರ ನವೆಂಬರ್ 12ರಂದು ಆರಂಭವಾದ ಈ ಏಕೀಕೃತ ವ್ಯವಸ್ಥೆಗೆ ಶುಲ್ಕವಿಲ್ಲ, ವಕೀಲರೂ ಬೇಡ. ಕೊನೆಗೆ ಸಂಸ್ಥೆಯವರು 52 ಕಂತನ್ನೂ ಒಪ್ಪಿ, ಬೇಬಾಕಿ ಪತ್ರ ಕಳುಹಿಸಿ, ದಾಖಲೆಯನ್ನು ತಿದ್ದಿಸಿದರು. ಆದರೆ ಆ ವೇಳೆಗೆ ಬಿ.ಎಡ್. ಪ್ರವೇಶದ ಅವಧಿ ಮುಗಿದಿತ್ತು. ಆ ಹುಡುಗಿ ಒಂದು ವರ್ಷ ಕಳೆದುಕೊಂಡಳು. ತಾಯಿಯ ಜೊತೆ ಕೂತು ಕಂಡಿಕೆ ಸುತ್ತಿದಳು. ಆ ವರ್ಷಕ್ಕೆ ಪರಿಹಾರವನ್ನು ಯಾವ ನಿಯಮವೂ ನಿಗದಿ ಮಾಡಿಲ್ಲ.

ಸರ್ಕಾರಗಳು ಕೈಕಟ್ಟಿ ಕುಳಿತಿವೆ ಎನ್ನಲಾಗದು. ದೇವರಾಜ ಅರಸರ ಕಾಲದಲ್ಲಿ, 1976ರ ಋಣ ಪರಿಹಾರ ಕಾಯ್ದೆಯಿಂದ, ಸಣ್ಣ ರೈತರ, ಭೂಹೀನ ಕೂಲಿಗಾರರ, ದುರ್ಬಲ ವರ್ಗದವರ ಖಾಸಗಿ ಸಾಲಗಳು ತೊಡೆದುಹೋದವು. 2007ರಲ್ಲಿ ಪ್ರಕಾಶ್ ಕೌರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ತೋಳ್ಬಲದವರನ್ನಿಟ್ಟು ಸಾಲ ವಸೂಲು ಮಾಡುವುದನ್ನು ಖಂಡಿಸಿತು. ವಸೂಲಿಯ ಕಾಟಕ್ಕೆ ಮನೆಮಠ ಬಿಟ್ಟವರ, ಪ್ರಾಣ ಬಿಟ್ಟವರ ಸುದ್ದಿಗಳು ರಾಜ್ಯದ ನಾನಾ ಜಿಲ್ಲೆಗಳಿಂದ ಬಂದಾಗ, 2025ರ ಫೆಬ್ರವರಿ 12ರಂದು ಬಲವಂತದ ವಸೂಲಿಯನ್ನು ತಡೆಯುವ ಸುಗ್ರೀವಾಜ್ಞೆ ಕರ್ನಾಟಕದಲ್ಲಿ ಜಾರಿಗೆ ಬಂತು. ಹತ್ತು ವರ್ಷದವರೆಗೆ ಸೆರೆವಾಸ, 5 ಲಕ್ಷ ರೂಪಾಯಿಯವರೆಗೆ ದಂಡ ಅದರಲ್ಲಿದ್ದವು. ಅದರ ಕಣ್ಣು ಮುಖ್ಯವಾಗಿ ನೋಂದಣಿಯಿಲ್ಲದ ಸಾಲದಾತರ ಮೇಲಿತ್ತು. ಬಾಗಿಲಿಗೆ ಬಂದು ಅರಚುವವನಿಗೆ ಇದು ಮದ್ದು. ಸುಳ್ಳು ಲೆಕ್ಕವನ್ನು ಸದ್ದಿಲ್ಲದೆ ಯಂತ್ರದಲ್ಲಿ ಇಟ್ಟುಕೊಂಡಿರುವವನನ್ನು ಕಾಗದವೇ ಎದುರಿಸಬೇಕು.

ಇಲ್ಲಿ ಅಧ್ಯಾಪಕರಾದ ನಮಗೊಂದು ಕೆಲಸವಿದೆ. ಪತ್ರಲೇಖನವೆಂದು ನಾವು ತರಗತಿಯಲ್ಲಿ ಗೆಳೆಯನಿಗೆ ಪ್ರವಾಸದ ವರ್ಣನೆ ಬರೆಯಿಸುತ್ತೇವೆ. ಬಾಕಿಯನ್ನು ಅಲ್ಲಗಳೆಯುವ ಪತ್ರವೊಂದನ್ನು, ರಸೀದಿ ಕೇಳುವ ಪತ್ರವೊಂದನ್ನು ಒಳ್ಳೆಯ ಕನ್ನಡದಲ್ಲಿ ಬರೆಯಿಸಿದರೆ ಸಾಹಿತ್ಯಕ್ಕೆ ಅವಮಾನವಾಗದು. ವಚನಕಾರರ ಕಾಯಕದ ಮಾತನ್ನು ವಿವರಿಸುವ ನಾವು, ಕಾಯಕದಿಂದ ತೀರಿಸಿದ ಸಾಲದ ಕಾಗದವನ್ನು ಕಾಪಾಡಿಕೊಳ್ಳುವುದನ್ನೂ ಹೇಳಿಕೊಡಬಹುದು.

ಹಿಂದೆ ಸಾಲಪತ್ರ ಒಂದೇ ಇರುತ್ತಿತ್ತು; ಹರಿದರೆ ಮುಗಿಯಿತು. ಈಗ ಅದು ಎಷ್ಟು ಕಡೆ ಇದೆಯೋ, ಯಾರ ಕೈಗೆ ಮಾರಾಟವಾಗಿ ಹೋಗಿದೆಯೋ ತಿಳಿಯದು. ಹರಿಯಲು ಕೈಗೆ ಸಿಕ್ಕುವುದೂ ಇಲ್ಲ. ಆದುದರಿಂದ ಸ್ಮೃತಿಕಾರನ ಎರಡನೆಯ ದಾರಿಯೇ ನಮಗೆ ಉಳಿದಿರುವುದು: ಶುದ್ಧಿಗಾಗಿ ಬೇರೊಂದು ಪತ್ರ. ಸಾಲ ತೀರಿದ ದಿನವೇ ಅದನ್ನು ಕೇಳಿ ಪಡೆಯಬೇಕು. ಪಡೆದುದನ್ನು ಮಕ್ಕಳ ಕಾಲದವರೆಗೂ ಇಟ್ಟುಕೊಳ್ಳಬೇಕು.