ರೊಸಾರಿಯೊ ನಗರದ ಕಾಯಿಪಲ್ಯದ ತೋಟಗಳು

ಅರ್ಜೆಂಟೀನಾದ ಪರಾನಾ ನದೀತೀರದ ರೊಸಾರಿಯೊ ನಗರದಲ್ಲಿ, 2001ರ ಆರ್ಥಿಕ ಪತನದಿಂದಾಗಿ ಶ್ರಮಿಕರಲ್ಲಿ ಸುಮಾರು ಕಾಲುಭಾಗದಷ್ಟು ಜನ ನಿರುದ್ಯೋಗಿಗಳಾಗಿ, ಹಸಿವಿನ ಬೇಗೆಯಲ್ಲಿ ಅಂಗಡಿಗಳ ಲೂಟಿಯೂ ನಡೆದ ಮೇಲೆ, ಅಲ್ಲಿಯ ನಗರಸಭೆಯು ಮರುವರ್ಷವೇ ನಗರಕೃಷಿಯ ಯೋಜನೆಯೊಂದನ್ನು ಆರಂಭಿಸಿತು.

ಬೀಜ, ಸಲಕರಣೆ, ರಾಸಾಯನಿಕರಹಿತ ಬೇಸಾಯದ ಶಿಕ್ಷಣ, ಇವಿಷ್ಟನ್ನು ಒದಗಿಸುವುದು ಯಾವ ಆಡಳಿತಕ್ಕೂ ದುಸ್ಸಾಧ್ಯವಲ್ಲ. ಆದರೆ ರೈಲುಹಳಿಯ ಬದಿಯಲ್ಲಿಯೂ, ಹೆದ್ದಾರಿಯ ಅಂಚಿನಲ್ಲಿಯೂ, ನೆರೆನೀರು ನಿಲ್ಲುವ ತಗ್ಗುಗಳಲ್ಲಿಯೂ ಪಾಳುಬಿದ್ದಿದ್ದ ನೆಲವನ್ನು ಗುರುತಿಸಿ, ಸಾಗುವಳಿಯ ಭದ್ರವಾದ ಹಕ್ಕಿನೊಡನೆ ಅದನ್ನು ಬಡವರ ಕೈಗೊಪ್ಪಿಸಿದ್ದೇ ಈ ಯೋಜನೆಯ ಜೀವಾಳವೆಂದು ನನ್ನ ಮತ. ನಾಳೆ ಎಬ್ಬಿಸಿ ಕಳುಹಿಸುವ ಭಯವಿರುವ ಭೂಮಿಗೆ ಇಂದು ಗೊಬ್ಬರ ಹೊರುವವರಾರು?

ಬೆಳೆದುದನ್ನು ಮಾರಲು ನಗರದ ಚೌಕಗಳಲ್ಲಿಯೇ ಸಂತೆಗಳು ಏರ್ಪಟ್ಟುವು. ದಲ್ಲಾಳಿಯ ಹಂಗಿಲ್ಲದೆ, ಬೆಳೆದವರೇ ತಕ್ಕಡಿ ಹಿಡಿದರು. ಅವರಲ್ಲಿ ಬಹುಮಂದಿ ಸ್ತ್ರೀಯರೆಂಬುದನ್ನೂ ಇಲ್ಲಿ ಹೇಳಬೇಕು.

ಬರಗಾಲದ ಗಂಜಿಕೇಂದ್ರಗಳಂತೆ ಸಂಕಟ ಕಳೆದೊಡನೆ ಮುಚ್ಚಿಹೋಗದೆ, ಯೋಜನೆಯು ನಗರದ ಭೂಬಳಕೆಯ ನೀತಿಯಲ್ಲಿಯೇ ಸೇರಿಹೋಯಿತು. ವರ್ಷಕ್ಕೆ ಸುಮಾರು 2500 ಟನ್ ಹಣ್ಣು ತರಕಾರಿಗಳು ಹೀಗೆ ದೊರೆಯುತ್ತಿದ್ದುವೆಂದು ಲೆಕ್ಕವಿದೆ. 2021ರಲ್ಲಿ ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ ಸಂಸ್ಥೆಯು ನಗರಗಳಿಗಾಗಿ ಮೀಸಲಿರಿಸಿದ ತನ್ನ ಪಾರಿತೋಷಕವನ್ನು, 2,50,000 ಡಾಲರುಗಳೊಡನೆ, ರೊಸಾರಿಯೊಗೆ ನೀಡಿತು.