ಕೆರೆಯ ಬಸವನಹುಳು: ನಮ್ಮದು ಯಾವುದು, ಪರದೇಶದ್ದು ಯಾವುದು?



ಹೇಮಾವತಿ ನಾಲೆಯ ನೀರು ಬಂದು ತುಂಬಿದ ಕೆರೆಗಳ ಅಂಚಿನಲ್ಲಿ ಮೊದಲು ಕಾಣದಿದ್ದ ಬಸವನಹುಳುಗಳು ಕಾಣುತ್ತಿವೆ ಎಂದು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಸದಸ್ಯರು ಆಗಾಗ ಹೇಳುತ್ತಾರೆ. ತೋಟಕ್ಕೆ ಬೋರ್ಡೋ ದ್ರಾವಣ ಮಾಡಲು ತಂದಿಟ್ಟ ಮೈಲುತುತ್ತವನ್ನು ಕೆರೆಗೆ ಹಾಕಬಹುದೇ ಎಂದು ಕೇಳುವವರೂ ಇದ್ದಾರೆ. ದಯವಿಟ್ಟು ಹಾಕಬೇಡಿ. ಮೈಲುತುತ್ತದಿಂದ ಹುಳುವಿನ ಜೊತೆ ಮೀನೂ ಸಾಯುತ್ತದೆ, ಆ ನೀರು ಕುಡಿದ ಕುರಿಗಳಿಗೂ ಅಪಾಯ. ಮೊದಲು ಹುಳು ಯಾವುದೆಂದು ಗುರುತಿಸೋಣ.

ಚಿಪ್ಪಿನ ತುದಿ ಮೇಲಕ್ಕೆ, ಬಾಯಿ ನಿಮ್ಮ ಕಡೆಗೆ ಬರುವಂತೆ ಹಿಡಿಯಿರಿ. ಬಾಯಿ ಬಲಗಡೆಗಿದ್ದು, ಚಿಪ್ಪು ತೆಳುವಾಗಿ ಅಗಲ ಬಾಯಿಯದಾಗಿದ್ದರೆ ಅದು ಲಿಮ್ನಿಯಾ ಜಾತಿಯದಿರಬಹುದು. ಬಾಯಿ ಎಡಗಡೆಗಿದ್ದು, ಬೆರಳಿನ ಉಗುರಿನಷ್ಟೇ ಚಿಕ್ಕದಾಗಿ ಹೊಳೆಯುತ್ತಿದ್ದರೆ ಫೈಸಾ. ತಲೆಯ ಮೇಲಿಡುವ ಸಿಂಬಿಯಂತೆ ಚಪ್ಪಟೆಯಾಗಿ ಸುತ್ತಿಕೊಂಡಿದ್ದರೆ ಇಂಡೋಪ್ಲಾನಾರ್ಬಿಸ್. ಇದನ್ನು ಜಜ್ಜಿದರೆ ರಕ್ತದಂತೆ ಕೆಂಪು ನೀರು ಬರುತ್ತದೆ.

ಈ ಮೂರರಲ್ಲಿ ಪರದೇಶದ್ದು ಫೈಸಾ ಒಂದೇ. 1805ರಲ್ಲಿ ಫ್ರಾನ್ಸಿನ ಗರೋನ್ ನದಿಯ ಹುಳುವನ್ನು ನೋಡಿ ಇದಕ್ಕೆ ಹೆಸರಿಟ್ಟರು. ಇದರ ತವರು ಉತ್ತರ ಅಮೆರಿಕ ಎಂಬುದು ತಿಳಿದದ್ದು ಬಹಳ ತಡವಾಗಿ. ಈಗ ಭಾರತದ ಅನೇಕ ರಾಜ್ಯಗಳ ಚರಂಡಿ, ಹೊಂಡ, ಕೆರೆಗಳಲ್ಲಿ ಇದೆ. ಕೊಳಕು ನೀರಿನಲ್ಲೂ ಬದುಕುತ್ತದೆ. ಆದರೆ ನಮ್ಮ ರಾಸುಗಳಿಗೆ ಮುಖ್ಯವಾಗಿ ರೋಗ ತರುವುದು ಈ ಹೊಸಬನಲ್ಲ, ಹಳಬರಾದ ಇನ್ನಿಬ್ಬರು.

ಲಿಮ್ನಿಯಾದಿಂದ ಬರುವುದು ಲಿವರ್ ಹುಳು, ಅಂದರೆ ಪಿತ್ತಜನಕಾಂಗದ ಎಲೆಹುಳು. ರೋಗವಿರುವ ರಾಸಿನ ಸಗಣಿಯಲ್ಲಿ ಇದರ ಮೊಟ್ಟೆ ಕೆರೆಗೆ ಬೀಳುತ್ತದೆ. ಎರಡು ಮೂರು ವಾರಗಳಲ್ಲಿ ಮೊಟ್ಟೆಯೊಡೆದು ಬಂದ ಮರಿ ಸುಮಾರು ಒಂದು ದಿನದೊಳಗೆ ಬಸವನಹುಳುವಿನ ಮೈ ಹೊಕ್ಕಬೇಕು, ಇಲ್ಲದಿದ್ದರೆ ಸಾಯುತ್ತದೆ. ಹೊಕ್ಕಿತೋ, ಒಂದು ಮರಿ ನೂರಾರು ಆಗಿ ಹೊರಬಂದು, ನೀರಂಚಿನ ಹುಲ್ಲಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗಂಟುಗಳಾಗಿ ಅಂಟಿಕೊಳ್ಳುತ್ತದೆ. ಆ ಹುಲ್ಲು ತಿಂದ ಹಸುವಿನ ಲಿವರ್ ಕೊರೆದು, ಪಿತ್ತನಾಳ ಸೇರಿ ಬಲಿಯಲು ಮೂರರಿಂದ ನಾಲ್ಕು ತಿಂಗಳು ಬೇಕು.

ಈ ಲೆಕ್ಕ ಮುಖ್ಯ. ಬೇಸಿಗೆಯಲ್ಲಿ ಬೀಳುಗಳೆಲ್ಲ ಒಣಗಿ, ನೀರು ಇಳಿದ ಕೆರೆಯಂಗಳದಲ್ಲಿ ಮಾತ್ರ ಹಸಿರು ಉಳಿದಾಗ ದನಗಳನ್ನು ಅಲ್ಲಿಗೇ ಬಿಡುತ್ತೇವೆ. ಹಸು ಬಡಕಲಾಗುವುದು ಮಳೆಗಾಲದಲ್ಲಿ. ಆಗ ಮೇವು ಚೆನ್ನಾಗಿರುವುದರಿಂದ ಕೆರೆಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಹಾಲು ಇಳಿಯುತ್ತದೆ, ಬೆದೆಗೆ ಬರುವುದು ತಡವಾಗುತ್ತದೆ, ಕಣ್ಣಿನ ಒಳಪೊರೆ ಬಿಳಿಚಿಕೊಳ್ಳುತ್ತದೆ, ಗದ್ದದ ಕೆಳಗೆ ನೀರು ತುಂಬಿದಂತೆ ಊತ ಬರುತ್ತದೆ. ಫ್ಯಾಟ್ ಬರಲಿಲ್ಲವೆಂದು ಸಂಘದ ಕಾರ್ಯದರ್ಶಿಯ ಜೊತೆ ವಾದ ಮಾಡುವ ಮೊದಲು ಒಮ್ಮೆ ಸಗಣಿ ಪರೀಕ್ಷೆ ಮಾಡಿಸಿ. ಹುಳು ಬಲಿಯುವ ಮೊದಲು ಸಗಣಿಯಲ್ಲಿ ಮೊಟ್ಟೆ ಸಿಗುವುದಿಲ್ಲ; ಆದ್ದರಿಂದ ಲಕ್ಷಣಗಳಿದ್ದರೆ ಒಂದು ಪರೀಕ್ಷೆಯಲ್ಲಿ ಇಲ್ಲವೆಂದು ಬಂದರೂ ಸುಮ್ಮನಾಗಬೇಡಿ.

ಇಂಡೋಪ್ಲಾನಾರ್ಬಿಸ್ ತರುವುದು ಗೊರಕೆ ರೋಗ. ಇದರ ಹುಳುವನ್ನು 1933ರಲ್ಲಿ ಆಗಿನ ಮದ್ರಾಸ್ ಪ್ರಾಂತ್ಯದ ವಿಜ್ಞಾನಿ ಅನಂತನಾರಾಯಣ ರಾವ್ ವಿವರಿಸಿದರು. ಮರಿಹುಳು ನೀರಿಗಿಳಿದ ರಾಸಿನ ಚರ್ಮ ಕೊರೆದು ಒಳಸೇರಿ ಮೂಗಿನ ರಕ್ತನಾಳದಲ್ಲಿ ನೆಲೆಸುತ್ತದೆ. ಮೂಗಿನೊಳಗೆ ಹೂಕೋಸಿನಂಥ ಗಡ್ಡೆ ಬೆಳೆದು ಉಸಿರಾಟ ಗೊರಕೆಯಂತಾಗುತ್ತದೆ. ಸಿಂಬಳದಲ್ಲಿ ಮೊಟ್ಟೆ ಇರುವುದರಿಂದ ಅಂಥ ರಾಸು ಕೆರೆಗೆ ಬಾಯಿಟ್ಟು ಕುಡಿದರೆ ರೋಗ ಊರಿಗೆಲ್ಲ. ನಮ್ಮ ಈ ಹುಳುವೇ ಆಫ್ರಿಕದ ನೈಜೀರಿಯಾಕ್ಕೆ ಹೋಗಿ ಅಲ್ಲಿ ಪರದೇಶಿ ಎನಿಸಿಕೊಂಡಿದೆ!

ಹಾಗಾದರೆ ಹೊರಗಿನ ಹುಳುವಿಗೆ ಹೆದರಬೇಕಿಲ್ಲವೇ? ಹೆದರಬೇಕು. ಲಿಮ್ನಿಯಾದ ಬಳಗಕ್ಕೇ ಸೇರಿದ ಉತ್ತರ ಅಮೆರಿಕದ ಒಂದು ಬಸವನಹುಳು ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾಗಳಿಗೆ ಹೋಗಿ, ಅಲ್ಲಿ ಲಿವರ್ ಹುಳುವನ್ನು ಹೊತ್ತು ತಿರುಗುತ್ತಿದೆ. ದಕ್ಷಿಣ ಅಮೆರಿಕದ ಸೇಬು ಬಸವನಹುಳುವನ್ನು 1980ರ ಸುಮಾರಿಗೆ ತಿನ್ನುವುದಕ್ಕೆಂದು ತೈವಾನಿಗೆ ತಂದರು. ಅಲ್ಲಿಂದ ಫಿಲಿಪ್ಪೀನ್ಸ್‌ಗೂ ಹಬ್ಬಿ ಭತ್ತದ ಪೈರು ತಿಂದಿತು. ಅಕ್ವೇರಿಯಂ ಅಂಗಡಿಯಲ್ಲಿ ಮಾರುವ ಹಳದಿ ಬಸವನಹುಳು ಇದೇ ಬಳಗದ್ದು. ಮಕ್ಕಳು ಸಾಕಿ ಬೇಸರವಾದಾಗ ಅದನ್ನೂ, ಅದರ ಗಿಡವನ್ನೂ ಕೆರೆಗೆ ಸುರಿಯದಂತೆ ನೋಡಿಕೊಳ್ಳಿ. ಗಿಡಕ್ಕೆ ಅಂಟಿದ ಲೋಳೆಯಂಥ ಮೊಟ್ಟೆಗಳೇ ಸಾಕು.

ತೋಟದಲ್ಲಿ ಕಾಣುವ ಅಂಗೈಯಗಲದ ಆಫ್ರಿಕನ್ ಶಂಖದ ಹುಳು ಬೇರೆಯೇ. ಅದು ನೆಲದ ಹುಳು. 1847ರಲ್ಲಿ ಮಾರಿಷಸ್‌ನಿಂದ ಕಲ್ಕತ್ತೆಗೆ ಬಂದದ್ದು. ಇದನ್ನು ಬರಿಗೈಯಲ್ಲಿ ಮುಟ್ಟಬೇಡಿ. ಕೊಲ್ಲಲು ಮೆಟಾಲ್ಡಿಹೈಡ್ ಗುಳಿಗೆ ಇಟ್ಟರೆ ದನ, ನಾಯಿ ತಿನ್ನದಂತೆ ಎಚ್ಚರ ವಹಿಸಿ.

ಈಗ ಮಾಡಬೇಕಾದ್ದು. ರಾಸುಗಳಿಗೆ ಕೊಟ್ಟಿಗೆಯ ತೊಟ್ಟಿಯಲ್ಲೇ ನೀರು ಕೊಡಿ, ಕೆರೆಗಿಳಿಸಿ ಮೈ ತೊಳೆಯಬೇಡಿ. ಕೆರೆಯಂಚಿನ ಹುಲ್ಲನ್ನು ನೀರಿನ ಮಟ್ಟಕ್ಕಿಂತ ಸಾಕಷ್ಟು ಮೇಲೆ ಕೊಯ್ದು, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ಹಾಕಿ. ಸಗಣಿಯನ್ನು ತಿಪ್ಪೆಯಲ್ಲಿ ಕೊಳೆಸಿ. ತಿಪ್ಪೆಯ ಕಾವಿಗೆ ಮೊಟ್ಟೆ ಸಾಯುತ್ತದೆ. ಬಾತುಕೋಳಿ ಸಾಕುವವರಿದ್ದರೆ ಬಿಡಲಿ, ಬಸವನಹುಳು ಅವುಗಳಿಗೆ ಇಷ್ಟ.

ಔಷಧಿಯನ್ನು ಅಂಗಡಿಯಲ್ಲಿ ಕೇಳಿ ತರಬೇಡಿ. ಐವರ್‌ಮೆಕ್ಟಿನ್ ಚುಚ್ಚುಮದ್ದು ಲಿವರ್ ಹುಳುವಿಗೆ ನಾಟುವುದಿಲ್ಲ. ಆಕ್ಸಿಕ್ಲೋಜನೈಡ್ ಬಲಿತ ಹುಳುವನ್ನು ಕೊಲ್ಲುತ್ತದೆ, ಎಳೆಯದನ್ನಲ್ಲ. ಹಾಗಾಗಿ ಮತ್ತೊಮ್ಮೆ ಕೊಡಿಸಬೇಕಾಗುತ್ತದೆ. ಆಲ್ಬೆಂಡಜೋಲನ್ನು ಗಬ್ಬದ ಮೊದಲ ತಿಂಗಳುಗಳಲ್ಲಿ ಕೊಡಬಾರದು. ಹಸು ಗಬ್ಬವೇ, ಕರೆಯುತ್ತಿದೆಯೇ ಎಂಬುದನ್ನು ಪಶುವೈದ್ಯರಿಗೆ ತಿಳಿಸಿ, ಔಷಧಿ ಕೊಟ್ಟ ಮೇಲೆ ಎಷ್ಟು ದಿನದ ಹಾಲನ್ನು ಸಂಘಕ್ಕೆ ಹಾಕಬಾರದು ಎಂಬುದನ್ನು ಕೇಳಿಕೊಳ್ಳಿ. ಸಗಣಿಯನ್ನು ಬೆಳಗಿನ ಹೊತ್ತು ಸ್ವಚ್ಛವಾದ ಡಬ್ಬಿಯಲ್ಲಿ, ಹಸುವಿನ ಗುರುತು ಬರೆದು, ಅಂದೇ ಪಶು ಆಸ್ಪತ್ರೆಗೆ ತಲುಪಿಸಿ.